ಒಂದೇ ಕೇಬಲ್, ಎರಡು ಕಂಪ್ಯೂಟರ್: ಸ್ವಿಚ್ ಸಾಕೇ, ರೂಟರ್ ಬೇಕೇ?

ತುಮಕೂರಿನ ಎಸ್.ಎಸ್. ಪುರಂನ ನಿಮ್ಮ ಮನೆಗೆ ಬಂದಿರುವ ಒಂದೇ ಇಂಟರ್ನೆಟ್ ಕೇಬಲ್ಲನ್ನು ನೆಟ್‌ವರ್ಕ್ ಸ್ವಿಚ್ (ಹಲವು ಯಂತ್ರಗಳ ಕೇಬಲ್‌ಗಳನ್ನು ಒಂದೆಡೆ ಜೋಡಿಸುವ ಪೆಟ್ಟಿಗೆ) ಹಾಕಿ ಎರಡು ಕಂಪ್ಯೂಟರ್‌ಗಳಿಗೆ ಹಂಚಬಹುದೇ ಎಂದು ಕೇಳಿದ್ದೀರಿ. ಸ್ವಿಚ್ ಕೊಳ್ಳಬೇಡಿ, ರೂಟರ್ ಕೊಳ್ಳಿ. ಸೇವಾದಾರರು ಒಂದು ಮನೆಗೆ ಸಾಮಾನ್ಯವಾಗಿ ಒಂದೇ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಕೊಡುತ್ತಾರೆ. ಬರೀ ಸ್ವಿಚ್ ಇದ್ದರೆ ಮೊದಲು ವಿಳಾಸ ಪಡೆದ ಕಂಪ್ಯೂಟರಿಗೆ ಇಂಟರ್ನೆಟ್ ಸಿಗುತ್ತದೆ, ಇನ್ನೊಂದಕ್ಕೆ ಇಲ್ಲ. ರೂಟರ್ ಆ ವಿಳಾಸವನ್ನು ತಾನೇ ಇಟ್ಟುಕೊಂಡು, ಒಳಗಿನ ಯಂತ್ರಗಳಿಗೆ 192.168 ಎಂದು ಶುರುವಾಗುವಂಥ ಖಾಸಗಿ ವಿಳಾಸಗಳನ್ನು ಹಂಚುತ್ತದೆ. ಹೊರಗಿನಿಂದ ಬಂದ ಉತ್ತರ ಯಾವ ಕಂಪ್ಯೂಟರಿಗೆ ಸೇರಬೇಕೆಂಬ ಲೆಕ್ಕವನ್ನೂ ಅದೇ ಇಡುತ್ತದೆ. ಹೊರಗಿನ ಕೇಬಲ್ಲನ್ನು ರೂಟರ್‌ನ ವ್ಯಾನ್ (WAN) ಎಂದು ಬರೆದ ಪೋರ್ಟಿಗೆ, ಕಂಪ್ಯೂಟರ್‌ಗಳನ್ನು ಲ್ಯಾನ್ (LAN) ಪೋರ್ಟಿಗೆ ಸಿಕ್ಕಿಸಿ. ಯೂಸರ್ ನೇಮ್, ಪಾಸ್‌ವರ್ಡ್ ಕೇಳುವ ಸಂಪರ್ಕವಾದರೆ ಅವನ್ನು ರೂಟರ್‌ನಲ್ಲೇ ತುಂಬಿಸಬೇಕು, ಬಹಳ ಜನ ಇಲ್ಲೇ ಎಡವುತ್ತಾರೆ. ಫೈಬರ್ ಸಂಪರ್ಕವೇ? ದುಡ್ಡು ಹಾಕುವ ಮುನ್ನ ಗೋಡೆಯ ಮೇಲಿನ ಪೆಟ್ಟಿಗೆಯನ್ನು ತಿರುಗಿಸಿ ನೋಡಿ. ಅದರಲ್ಲಿ ಹಲವು ಲ್ಯಾನ್ ಪೋರ್ಟ್‌ಗಳೂ ವೈಫೈ ಕೂಡ ಇದ್ದರೆ, ಹೆಚ್ಚಾಗಿ ಅದೇ ರೂಟರ್.