ಕಲಬುರಗಿ ಬಿಸಿಲಿಗೆ ಹೊರಗೆ ಎಳೆಯಲು ಯಾವ ಫೈಬರ್ ಕೇಬಲ್ ತಗೋಬೇಕು?

ಕರಿ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹೊದಿಕೆಯ ‘ಲೂಸ್ ಟ್ಯೂಬ್’ ಕೇಬಲ್ ತಗೊಳ್ಳಿ. ಕನಿಷ್ಠ 70 ಡಿಗ್ರಿ ಸೆಲ್ಸಿಯಸ್ ತಡೆಯುತ್ತದೆ ಅಂತ ಅದರ ಡೇಟಾ ಶೀಟ್‌ನಲ್ಲಿ ಇರಬೇಕು. ನಮ್ಮಲ್ಲಿ ಮೇ ತಿಂಗಳಲ್ಲಿ ನೆರಳಲ್ಲೇ 43 ಡಿಗ್ರಿ ಮುಟ್ಟುತ್ತದೆ, ನೇರ ಬಿಸಿಲಿಗೆ ಬಿದ್ದ ಕರಿ ಕೇಬಲ್ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ.

ಲೂಸ್ ಟ್ಯೂಬೇ ಯಾಕೆ ಅಂದ್ರೆ, ಬಿಸಿಗೆ ಪ್ಲಾಸ್ಟಿಕ್ ಚೆನ್ನಾಗಿ ಹಿಗ್ಗುತ್ತದೆ, ಒಳಗೆ ಬೆಳಕು ಸಾಗಿಸುವ ಗಾಜಿನ ಎಳೆ ಹಿಗ್ಗುವುದು ತೀರಾ ಕಡಿಮೆ. ಎರಡೂ ಅಂಟಿಕೊಂಡಿದ್ದರೆ ಬಿಸಿಗೆ ಎಳೆ ಜಗ್ಗುತ್ತದೆ, ತಂಪಾದಾಗ ಸಣ್ಣಗೆ ಡೊಂಕಾಗುತ್ತದೆ, ಆ ಡೊಂಕಿನಲ್ಲೇ ಬೆಳಕು ಸೋರಿ ಸಿಗ್ನಲ್ ಇಳಿಯುತ್ತದೆ. ಲೂಸ್ ಟ್ಯೂಬ್‌ನಲ್ಲಿ ಎಳೆ ಟ್ಯೂಬ್‌ಗಿಂತ ತುಸು ಉದ್ದವಾಗಿ, ಸಡಿಲವಾಗಿ ಇರುತ್ತದೆ. ಹೊದಿಕೆ ಹಿಗ್ಗಲಿ ಕುಗ್ಗಲಿ, ಗಾಜಿಗೆ ಎಳೆತವಿಲ್ಲ.

ಕರಿ ಬಣ್ಣ ಬರೀ ಚಂದಕ್ಕಲ್ಲ, ಅದರಲ್ಲಿರುವ ಕಾರ್ಬನ್ ಪುಡಿ ಬಿಸಿಲಿನ ನೇರಳಾತೀತ ಕಿರಣ ತಡೆಯುತ್ತದೆ. ಅಗ್ಗ ಅಂತ ಮನೆಯೊಳಗಿನ ಬಿಳಿ ಕೇಬಲ್ಲನ್ನು ಮಾಳಿಗೆ ಮೇಲೆ ಎಳೆಯಬೇಡಿ, ಸಿಪ್ಪೆ ಬಿರಿಯುತ್ತದೆ.

ಹೂಳುವುದಾದರೆ ಉಕ್ಕಿನ ಪಟ್ಟಿ ಸುತ್ತಿದ ಆರ್ಮರ್ಡ್ ಕೇಬಲ್ ಇರಲಿ, ಇಲಿ ಕಡಿಯುವುದಿಲ್ಲ. ನಮ್ಮ ಎರಿ ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತದಲ್ವಾ, ಅದಕ್ಕೆ ಪೈಪ್ ಒಳಗೆ ಹಾಕಿಸಿ. ಕರೆಂಟ್ ಕಂಬದ ಮೇಲಾದರೆ ಲೋಹವೇ ಇಲ್ಲದ ಎಡಿಎಸ್‌ಎಸ್ ಕೇಬಲ್ ಕೇಳಿ.