ಬ್ಯಾಂಕಿನ 60 ದಿನದ ನೋಟಿಸ್ ಬಂದಿದೆ, ಮನೆ ಉಳಿಸಿಕೊಳ್ಳಲಾ ಮಾರಲಾ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮದೊಂದು ಮನೆ ಇದೆ. ಐದು ವರ್ಷದ ಹಿಂದೆ 9% ಬಡ್ಡಿಗೆ 30 ಲಕ್ಷ ಗೃಹಸಾಲ ಮಾಡಿದ್ದೆವು. ಕಂತು 27 ಸಾವಿರ. ನಮ್ಮ ಯಜಮಾನರ ಕೆಲಸ ಹೋಗಿ, ಈಗ ಕಡಿಮೆ ಸಂಬಳದ ಕೆಲಸ ಸಿಕ್ಕಿದೆ. ಆರು ಕಂತು ತಪ್ಪಿದೆ. ಪೂರ್ತಿ ಸಾಲ, ಸುಮಾರು 28 ಲಕ್ಷ, 60 ದಿನದಲ್ಲಿ ಕಟ್ಟಿ ಎಂದು ನೋಟಿಸ್ ಬಂದಿದೆ. ತಿಂಗಳಿಗೆ 18 ಸಾವಿರ ಹೊಂದಿಸಬಲ್ಲೆವು. ಮನೆಗೆ 50 ಲಕ್ಷದ ಮೇಲೆ ಬೆಲೆಯಿದೆ. ಮನೆಯನ್ನು ಲೀಸ್‌ಗೆ ಹಾಕಿ ಬಾಕಿ ಕಟ್ಟಿ ಅಂತಾರೆ ನೆಂಟರು. ಕೋರ್ಟಿಗೆ ಹೋಗಿ ಅಂತಾರೆ ಇನ್ನೊಬ್ಬರು. ಏನು ಮಾಡೋಣ?

ಉತ್ತರ: ಅಮ್ಮಾ, ಗಾಬರಿ ಬೇಡ. ನಾಳೆಯೇ ಯಾರೂ ಬಂದು ಬೀಗ ಜಡಿಯುವುದಿಲ್ಲ. ಇದು 2002ರ ಸರ್ಫೇಸಿ ಕಾಯ್ದೆಯ, ಅಂದರೆ ಸಾಲ ಕಟ್ಟದಿದ್ದಾಗ ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿಯನ್ನು ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾನೂನಿನ, 13(2)ನೇ ಸೆಕ್ಷನ್ನಿನ ನೋಟಿಸ್. ಆದರೆ ಸುಮ್ನೆ ಬೀರುವಿನಲ್ಲಿ ಇಟ್ಟರೆ ಮುಂದೆ ಸ್ವಾಧೀನದ ನೋಟಿಸ್, ಆಮೇಲೆ ಹರಾಜು.

ಲೀಸ್ ವಿಚಾರ ಮೊದಲು ತಲೆಯಿಂದ ತೆಗೆಯಿರಿ. ಈ ನೋಟಿಸ್ ಕೈ ಸೇರಿದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮನೆ ಮಾರುವಂತಿಲ್ಲ, ಲೀಸ್‌ಗೂ ಕೊಡುವಂತಿಲ್ಲ. ಮೀರಿದರೆ ಶಿಕ್ಷೆಯೂ ಉಂಟು. ಹತ್ತು ಲಕ್ಷ ಕೊಟ್ಟು ಬಂದವರು ನಾಳೆ ಬೀದಿಗೆ ಬಿದ್ದರೆ ಆ ಪಾಪ ಯಾರಿಗೆ? ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲವೂ ಬೇಡ. ಅದು ವರ್ಷಕ್ಕೆ 36% ಆಯಿತು.

ಈಗ ನಿಮ್ಮ ಲೆಕ್ಕ ನೋಡೋಣ. 28 ಲಕ್ಷಕ್ಕೆ ತಿಂಗಳ ಬಡ್ಡಿಯೇ 21 ಸಾವಿರ. ನೀವು ಕಟ್ಟಬಲ್ಲದ್ದು 18 ಸಾವಿರ. ಅವಧಿಯನ್ನು 30 ವರ್ಷಕ್ಕೆ ಎಳೆದರೂ ಕಂತು ಇಪ್ಪತ್ತೆರಡೂವರೆ ಸಾವಿರಕ್ಕಿಂತ ಕೆಳಗೆ ಇಳಿಯದು. ಅಂದರೆ ಬರೀ ಅವಧಿ ವಿಸ್ತರಣೆ ನಿಮ್ಮನ್ನು ಕಾಪಾಡುವುದಿಲ್ಲ. ತಿಂಗಳಿಗೆ ಇನ್ನೊಂದು ಐದು ಸಾವಿರ ಗಟ್ಟಿ ಆದಾಯ ಬರುವುದಿದ್ದರೆ ಮಾತ್ರ ಆ ದಾರಿ ಹಿಡಿಯಿರಿ. ಆಗ ಒಡವೆ ಅಡವಿಟ್ಟೋ ಪಿಎಫ್‌ನಿಂದಲೋ ತಪ್ಪಿದ ಕಂತುಗಳನ್ನು, ಅಂದರೆ 1.62 ಲಕ್ಷ ಮತ್ತು ದಂಡದ ಶುಲ್ಕವನ್ನು, ಒಟ್ಟಿಗೆ ಕಟ್ಟಿ ಖಾತೆ ಸರಿಪಡಿಸಲು ಕೇಳಿ. ಒಂದೆರಡು ಕಂತು ಕಟ್ಟಿದರೆ ಖಾತೆ ಎನ್‌ಪಿಎ, ಅಂದರೆ ಕಂತು ನಿಂತ ಸಾಲಗಳ, ಪಟ್ಟಿಯಿಂದ ಹೊರಬರದು. ಪೂರ್ತಿ ಬಾಕಿ ತೀರಬೇಕು.

ಇಲ್ಲದಿದ್ದರೆ ನೀವೇ ಮಾರಿ. ಕೇಳಲು ಕಹಿ, ಗೊತ್ತು. ಆದರೆ ಮನೆಯ ಬೆಲೆಗೂ ಸಾಲಕ್ಕೂ 20 ಲಕ್ಷದ ಅಂತರವಿದೆ, ಅದು ನಿಮ್ಮ ದುಡ್ಡು. ಹರಾಜಿನಲ್ಲಿ ಉಳಿದದ್ದನ್ನೂ ಬ್ಯಾಂಕ್ ನಿಮಗೇ ಕೊಡಬೇಕು, ನಿಜ. ಆದರೆ ಹರಾಜಿಗೆ ಬರುವವರು ಅಗ್ಗಕ್ಕೆ ಸಿಗುತ್ತದೆ ಅಂತಲೇ ಬರುತ್ತಾರೆ ಅಲ್ವಾ? ಜೊತೆಗೆ ಅಲ್ಲಿಯವರೆಗಿನ ಬಡ್ಡಿ, ಖರ್ಚು ನಿಮ್ಮ ತಲೆಗೇ. ಶಾಖೆಗೆ ಹೋಗಿ ಮಾರಾಟಕ್ಕೆ ಒಪ್ಪಿಗೆ ಪತ್ರ, ಚುಕ್ತಾ ಮೊತ್ತದ ಪತ್ರ, ಅವರ ಬಳಿ ಇರುವ ಮೂಲ ದಾಖಲೆಗಳ ಪಟ್ಟಿ ಕೇಳಿ. ಖರೀದಿದಾರರು ಸಾಲದ ಹಣವನ್ನು ನೇರವಾಗಿ ನಿಮ್ಮ ಬ್ಯಾಂಕಿಗೆ ಡಿಡಿಯಲ್ಲಿ ಕಟ್ಟಲಿ, ಮಿಕ್ಕಿದ್ದು ನಿಮ್ಮ ಖಾತೆಗೆ ಬರಲಿ.

ಒನ್ ಟೈಮ್ ಸೆಟ್ಲ್‌ಮೆಂಟ್, ಅಂದರೆ ಬಾಕಿಯಲ್ಲಿ ಒಂದಷ್ಟು ಬಿಟ್ಟುಕೊಟ್ಟು ಬ್ಯಾಂಕ್ ಸಾಲ ಚುಕ್ತಾ ಮಾಡಿಕೊಳ್ಳುವುದು, ಅದರ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ಅದು ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಸಾಲದ ಎರಡರಷ್ಟು ಹತ್ತಿರ ಬೆಲೆಬಾಳುವ ಮನೆ ಅಡವಿರುವಾಗ ಬ್ಯಾಂಕ್ ಯಾಕೆ ಬಿಟ್ಟುಕೊಟ್ಟೀತು?

ಕೋರ್ಟಿನ ಮಾತು. ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗುವ ಅವಕಾಶ ಬರುವುದು ಬ್ಯಾಂಕ್ ಸ್ವಾಧೀನದ ಕ್ರಮ ಕೈಗೊಂಡ ಮೇಲೆ, 45 ದಿನದೊಳಗೆ. ಈಗ ಮಾಡಬೇಕಾದದ್ದು ಲಿಖಿತ ಆಕ್ಷೇಪಣೆ. ಲೆಕ್ಕ ತಪ್ಪಿದ್ದರೆ, ದಂಡದ ಶುಲ್ಕದ ಮೇಲೆ ಬಡ್ಡಿ ಹಾಕಿದ್ದರೆ, ಕೆಲಸ ಹೋದ ವಿಷಯ, ಮಾರಲು ಎಷ್ಟು ಸಮಯ ಬೇಕು, ಎಲ್ಲ ಬರೆದು ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಬ್ಯಾಂಕ್ 15 ದಿನದಲ್ಲಿ ಕಾರಣ ಸಮೇತ ಉತ್ತರಿಸಬೇಕು.

ಇನ್ನೊಂದು ಮಾತು. ಹರಾಜಿನ ದಿನದವರೆಗೂ ದುಡ್ಡು ತಂದು ಮನೆ ಬಿಡಿಸಿಕೊಳ್ಳಬಹುದು ಎಂದು ಹಳಬರು ಹೇಳುತ್ತಾರೆ. 2016ರ ತಿದ್ದುಪಡಿಯ ನಂತರ ಆ ಹಕ್ಕು ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ.