ಕಟ್ಟಿದ ಹಗ್ಗವನ್ನು ಡಾಕ್ಟರ್ ತಕ್ಷಣ ಯಾಕೆ ಬಿಚ್ಚಲಿಲ್ಲ?

ಪ್ರಶ್ನೆ: ಅಣ್ಣನ ಕಾಲಿಗೆ ಹಾವು ಕಚ್ಚಿತು. ಮೊಣಕಾಲಿನ ಮೇಲೆ ಹಗ್ಗ ಬಿಗಿದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹಗ್ಗ ನೋಡಿ ಡಾಕ್ಟರ್ ರೇಗಿದರು, ಆದರೆ ಬಿಚ್ಚಲೇ ಇಲ್ಲ! ಒಂದಿಷ್ಟು ರಕ್ತ ತೆಗೆದು ಟೇಬಲ್ ಮೇಲಿಟ್ಟು ಗಡಿಯಾರ ನೋಡುತ್ತಾ ನಿಂತರು. ಇದೇನು ಸರ್?

ಉತ್ತರ: ನಾನಿದ್ದರೂ ರೇಗುತ್ತಿದ್ದೆ ಬಿಡಿ. ಹಗ್ಗ ಬಿಗಿದರೆ ಕಾಲಿಗೆ ರಕ್ತ ಹೋಗುವುದಿಲ್ಲ. ವಿಷವೂ ಅಲ್ಲೇ ನಿಂತು ಮಾಂಸ ಕೊಳೆಯಬಹುದು. ಒಮ್ಮೆಲೇ ಬಿಚ್ಚಿದರೆ ಇನ್ನೊಂದು ಅಪಾಯ: ತಡೆದು ನಿಂತಿದ್ದ ವಿಷ ಮೈಗೆಲ್ಲ ನುಗ್ಗಿ ಬಿಪಿ ಬೀಳಬಹುದು, ಉಸಿರು ಕಟ್ಟಬಹುದು. ಅದಕ್ಕೇ ಮೊದಲು ಡ್ರಿಪ್ ಹಾಕಿ, ಪ್ರತಿವಿಷ ಮತ್ತು ಉಸಿರಾಟದ ಸಲಕರಣೆ ಪಕ್ಕದಲ್ಲಿಟ್ಟುಕೊಂಡು, ಆಮೇಲೆ ಬಿಚ್ಚುತ್ತಾರೆ.

ಇನ್ನು ಆ ರಕ್ತ. ಒಣಗಿದ, ಶುಚಿಯಾದ ಗಾಜಿನ ಟ್ಯೂಬಿಗೆ 2 ಮಿಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ, ಮಂಡಲದ ಹಾವಿನ ವಿಷ ಏರಿದೆ ಅನ್ನಿ. ಪ್ಲಾಸ್ಟಿಕ್ ಟ್ಯೂಬ್ ಆಗುವುದಿಲ್ಲ. ಸೋಪಿನಲ್ಲಿ ತೊಳೆದ ಗಾಜೂ ಬೇಡ, ಅದರಲ್ಲಿ ಚೆನ್ನಾಗಿರುವವರ ರಕ್ತವೂ ಹೆಪ್ಪುಗಟ್ಟದೆ ಮೋಸ ಮಾಡುತ್ತದೆ. ದೊಡ್ಡ ಲ್ಯಾಬ್ ಇಲ್ಲದ ಕಡೆಯೂ ಮಾಡಬಹುದಾದ ಈ ಪರೀಕ್ಷೆ ನನಗೆ ತುಂಬಾ ಇಷ್ಟ.

ಹಗ್ಗದ ಬದಲು ಏನು ಮಾಡಬೇಕಿತ್ತು ಅಂದರೆ, ಮೂಳೆ ಮುರಿದವರಿಗೆ ಮಾಡುವ ಹಾಗೆ ಕಾಲು ಅಲುಗಾಡದಂತೆ ಮರದ ಪಟ್ಟಿಯ ಆಸರೆ ಕೊಟ್ಟು ಬಟ್ಟೆ ಸಡಿಲವಾಗಿ ಸುತ್ತಿ, ನಡೆಸದೆ ಎತ್ತಿಕೊಂಡು ಹೋಗಬೇಕಿತ್ತು. ಕಾಲುಂಗುರ, ಗೆಜ್ಜೆ, ಬಳೆ ಇದ್ದರೆ ಊದುವ ಮೊದಲೇ ತೆಗೆಯಿರಿ. ಕೊಯ್ಯುವುದು, ಹೀರುವುದು, ಐಸ್ ಇಡುವುದು ಯಾವುದೂ ಬೇಡ.

ಪ್ರಶ್ನೆ: ಕಚ್ಚಿದ ಹಾವನ್ನು ಕೊಂದು ಡಾಕ್ಟರಿಗೆ ತೋರಿಸಬೇಕಂತೆ, ಹೌದಾ?

ಉತ್ತರ: ಬೇಡ ಮಾರಾಯರೇ! ಕಡಿದ ತಲೆಯೂ ಸ್ವಲ್ಪ ಹೊತ್ತು ಕಚ್ಚುತ್ತದೆ. ಒಬ್ಬರ ಬದಲು ಇಬ್ಬರು ರೋಗಿಗಳಾಗುತ್ತೀರಿ ಅಷ್ಟೇ. ಭಾರತದಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ. ದೂರದಿಂದ ಫೋಟೋ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೂ ಲಕ್ಷಣ ನೋಡಿ ಚಿಕಿತ್ಸೆ ಕೊಡುತ್ತೇವೆ.

ನನಗೆ ಜಾಸ್ತಿ ಭಯ ಕಟ್ಟುಹಾವಿನದು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ನೋವಿಲ್ಲ, ಊತವಿಲ್ಲ, ಎಷ್ಟೋ ಸಲ ಗುರುತೂ ಕಾಣದು. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದು ಕೂರುತ್ತಾರೆ. ಮನೆಯವರು ಗ್ಯಾಸ್ ಅಂದುಕೊಳ್ಳುತ್ತಾರೆ. ಆಮೇಲೆ ಕಣ್ಣಿನ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ. ರೆಪ್ಪೆ ಎತ್ತಲಾಗದಿದ್ದರೆ ಕಚ್ಚಿದ ಗುರುತು ಹುಡುಕುತ್ತಾ ಕೂರಬೇಡಿ, ಹೊರಡಿ.

ಪ್ರಶ್ನೆ: ವಿಡಿಯೋ ನೋಡಿ ಹಾವು ಹಿಡಿಯುವುದು ಕಲಿಯುತ್ತಿದ್ದೇನೆ. ಕೊಕ್ಕೆ ಸಾಕಾ?

ಉತ್ತರ: ಸಾಲದು. ಬಾಲ ಹಿಡಿದು ನೇತಾಡಿಸುವುದು, ಹೆಡೆಗೆ ಮುತ್ತು ಕೊಡುವುದು, ಇವೆಲ್ಲ ಕ್ಯಾಮೆರಾಗೆ ಅಲ್ವಾ? ಕೊಳಕುಮಂಡಲವನ್ನು ಹೆಬ್ಬಾವಿನ ಮರಿ ಅಂದುಕೊಂಡು ಕೈಹಾಕುವವರಿದ್ದಾರೆ. ತರಬೇತಿ ಪಡೆದವರು ಕೈಯಲ್ಲಿ ಕತ್ತು ಅದುಮಲು ಹೋಗುವುದಿಲ್ಲ. ಪೈಪಿನ ಒಂದು ತುದಿಗೆ ಚೀಲ ಕಟ್ಟಿ ನೆಲದ ಮೇಲಿಡುತ್ತಾರೆ. ಕತ್ತಲು ಕಂಡ ಹಾವು ತಾನಾಗಿಯೇ ಒಳಗೆ ಹೋಗುತ್ತದೆ. ನೋಡುವವರಿಗೆ ಬೇಜಾರಾಗುವಷ್ಟು ಸಪ್ಪೆ ಕೆಲಸ! ಕಲಿಯುವ ಆಸೆ ನಿಜವಾಗಿದ್ದರೆ ಅರಣ್ಯ ಇಲಾಖೆಯನ್ನು ಕೇಳಿ. 1972ರ ವನ್ಯಜೀವಿ ಕಾಯ್ದೆ ಹಾವುಗಳಿಗೂ ಇದೆ. ಮನೆಗೆ ಹಾವು ಬಂದರೆ ಮಕ್ಕಳನ್ನೂ ನಾಯಿಯನ್ನೂ ಹೊರಗೆ ಕಳಿಸಿ, ಅದು ಎಲ್ಲಿ ನುಸುಳಿತು ಅಂತ ದೂರದಿಂದ ಕಣ್ಣಿಟ್ಟಿರಿ. ಹಿಡಿಯಲು ಬಂದವರು ಮೊದಲು ಕೇಳುವುದು ಅದನ್ನೇ.